ಮೈದಾನದ ಬೀಗದ ಕೈ ಇಟ್ಟುಕೊಂಡವರಿಗೆ ಒಂದು ಬಹಿರಂಗ ಪತ್ರ

ಮೈಸೂರಿನ ಶಾಲೆ ಅಂಗಳ, ಪಾರ್ಕ್, ಮೈದಾನಗಳ ಬೀಗದ ಕೈ ಯಾರ ಯಾರ ಹತ್ತಿರ ಇದೆಯೋ ಅವರೆಲ್ಲರಿಗೂ ನಮಸ್ಕಾರ.

ಒಬ್ಬ ಅಧಿಕಾರಿಯ ಹೆಸರಿಗೆ ಬರೆಯೋಣ ಅಂದರೆ ಯಾರಿಗೆ ಬರೆಯಬೇಕು ಅಂತಲೇ ತಿಳಿಯಲಿಲ್ಲ. ಪಾರ್ಕ್ ಒಬ್ಬರದು. ಅದರ ಪಕ್ಕದ ಶಾಲೆ ಇನ್ನೊಬ್ಬರದು. ಎದುರಿನ ಖಾಲಿ ಜಾಗ ಮೂರನೆಯವರದು, ಕೆರೆ ದಂಡೆ ನಾಲ್ಕನೆಯವರದು. ಚೆಂಡು ಹಿಡಿದು ಗೇಟಿನ ಮುಂದೆ ನಿಂತ ಹುಡುಗನಿಗೆ ಈ ಇಲಾಖೆ ಲೆಕ್ಕವೆಲ್ಲ ಗೊತ್ತಿಲ್ಲ. ಅವನಿಗೆ ಕಾಣುವುದು ಬೀಗ ಒಂದೇ. ಅದಕ್ಕೇ ಈ ಪತ್ರವನ್ನು ನಿಮ್ಮೆಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಕೇಳುವುದು ಇಷ್ಟೇ. ಹೊಸ ಸ್ಟೇಡಿಯಂ ಬೇಡ. ಈಗ ಇರುವ ಜಾಗವನ್ನೇ, ಜನರಿಗೆ ಬಿಡುವಿರುವ ಹೊತ್ತಿನಲ್ಲಿ, ಆಡುವುದಕ್ಕೆ ತೆರೆದುಕೊಡಿ.

ಜಾಗದ ವಿಷಯದಲ್ಲಿ ಮೈಸೂರು ಬಡ ಊರೇನಲ್ಲ. 1903ರಲ್ಲೇ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾಯಿತು. ಆಗ ದೇಶದಲ್ಲಿ ಅಂಥ ಮಂಡಳಿಗಳು ಬೆರಳೆಣಿಕೆಯಷ್ಟು. ನಕ್ಷೆ ಹಾಕಿ, ಅಗಲವಾದ ರಸ್ತೆ ಬಿಟ್ಟು, ಪಾರ್ಕಿಗೂ ಜಾಗ ಬಿಟ್ಟು ಬಡಾವಣೆ ಕಟ್ಟಿದ ಊರು ಇದು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಇವತ್ತಿಗೂ ಬೆಳಗಿನ ಹೊತ್ತು ಜನ ಸಾಲುಗಟ್ಟಿ ನಡೆಯುತ್ತಾರೆ. ಲಿಂಗಾಂಬುಧಿ ಕೆರೆ ಇದೆ. ಚೆಲುವಾಂಬ ಪಾರ್ಕ್ ಇದೆ. ಇನ್ನು ಚಾಮುಂಡಿ ಬೆಟ್ಟದ ಮೆಟ್ಟಿಲುಗಳಂತೂ ಸಾವಿರಕ್ಕೂ ಮಿಕ್ಕಿವೆ. ಅಲ್ಲಿ ಕಾಲೇಜು ಹುಡುಗರು ಓಡಿಕೊಂಡು ಹತ್ತುತ್ತಾರೆ. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಯಾವ ಜಿಮ್ ಟ್ರೈನರ್ ಹೇಳಿದರೂ ಮನುಷ್ಯರು ಅಷ್ಟು ಸಲ ಬಗ್ಗಿ ಏಳುವುದಿಲ್ಲ ಬಿಡಿ, ಅದಕ್ಕೆ ಚಾಮುಂಡಿಯೇ ಹೇಳಬೇಕು.

ಇಷ್ಟೆಲ್ಲ ಇದ್ದರೂ ನಮ್ಮ ಊರಿನ ಜಾಗಗಳು ಇಬ್ಬರನ್ನು ಮಾತ್ರ ಒಳಗೆ ಕರೆಯುತ್ತವೆ. ಒಬ್ಬರು ವಾಕಿಂಗ್ ಮಾಡುವವರು. ಇನ್ನೊಬ್ಬರು ಪದಕ ಗೆಲ್ಲುವವರು. ವಾಕಿಂಗಿನವರಿಗೆ ಪಾರ್ಕಿನಲ್ಲಿ ಟೈಲ್ಸ್ ಹಾಕಿದ ದಾರಿ ಇದೆ. ಕ್ರೀಡಾಪಟುಗಳಿಗೆ ಟ್ರ್ಯಾಕ್, ಕೋಚ್, ಸದಸ್ಯತ್ವದ ಕಾರ್ಡ್ ಇದೆ. ಇವರಿಬ್ಬರ ನಡುವೆ ಇರುವವರು ಎಲ್ಲಿಗೆ ಹೋಗಬೇಕು? ಸಂಜೆ ಒಂದು ಗಂಟೆ ಸುಮ್ನೆ ಶಟಲ್ ಆಡಬೇಕು ಅನ್ನುವ ಅಂಗಡಿ ಹುಡುಗ, ಗೆಳತಿಯರ ಜೊತೆ ಥ್ರೋಬಾಲ್ ಆಡೋಣ ಅನ್ನುವ ನಲವತ್ತು ದಾಟಿದ ಹೆಂಗಸು, ಟೀಮಿಗೆ ಸೆಲೆಕ್ಟ್ ಆಗದ, ಆಗಬೇಕು ಅಂತಲೂ ಇಲ್ಲದ ಹೈಸ್ಕೂಲ್ ಹುಡುಗಿ. ಊರಿನಲ್ಲಿ ಇವರೇ ಜಾಸ್ತಿ. ಇವರಿಗೆ ಅಂತ ಇರುವ ಜಾಗವೇ ಕಡಿಮೆ.

ಪಾರ್ಕಿನ ಬೋರ್ಡುಗಳನ್ನು ಓದಿ ನೋಡಿ. ಕ್ರಿಕೆಟ್ ಆಡಬಾರದು. ಫುಟ್‌ಬಾಲ್ ಆಡಬಾರದು. ಸೈಕಲ್ ತರಬಾರದು. ಹುಲ್ಲಿನ ಮೇಲೆ ಓಡಾಡಬಾರದು. ಬೆಂಗಳೂರಿನ ಇಂದಿರಾನಗರದ ಒಂದು ಪಾರ್ಕಿನಲ್ಲಿ ಜಾಗಿಂಗೂ ಮಾಡಬಾರದು ಅಂತ ಬೋರ್ಡ್ ಹಾಕಿದ್ದು 2024ರಲ್ಲಿ ದೇಶಕ್ಕೆಲ್ಲ ನಗೆಪಾಟಲಾಯಿತು. ನಾವೂ ನಕ್ಕೆವು. ನಮ್ಮ ಪಾರ್ಕುಗಳ ಬೋರ್ಡ್ ಅದಕ್ಕಿಂತ ಸ್ವಲ್ಪ ಉದಾರ, ಅಷ್ಟೇ. ಸಣ್ಣ ಪಾರ್ಕಿನಲ್ಲಿ ಕಾರ್ಕ್ ಬಾಲ್ ಕ್ರಿಕೆಟ್ ಬೇಡ ಅನ್ನುವುದು ಸರಿ. ವಯಸ್ಸಾದವರ ತಲೆಗೆ ಬಿದ್ದರೆ ಯಾರು ಹೊಣೆ? ಆದರೆ ಒಂದು ಮೂಲೆಯಲ್ಲಿ ನೆಟ್ ಕಟ್ಟಿಕೊಂಡು ಶಟಲ್ ಆಡಿದರೆ ಯಾರಿಗೆ ಏನು ತೊಂದರೆ? ಬ್ಯಾಡ್ಮಿಂಟನ್ ಅಂಕಣಕ್ಕೆ ಬೇಕಾಗುವುದು 13.4 ಮೀಟರ್ ಉದ್ದ, 6.1 ಮೀಟರ್ ಅಗಲ. ನಮ್ಮ ಥರ್ಟಿ ಫಾರ್ಟಿ ಸೈಟಿಗಿಂತ ಉದ್ದದಲ್ಲಿ ನಾಲ್ಕಡಿ ಜಾಸ್ತಿ, ಅಗಲದಲ್ಲಿ ಹತ್ತಡಿ ಕಡಿಮೆ. ಲಗೋರಿಗೆ, ಕುಂಟೆಬಿಲ್ಲೆಗೆ ಅಷ್ಟೂ ಬೇಡ.

ಇನ್ನು ಪಾರ್ಕಿನ ಸಮಯ. ಬೆಳಿಗ್ಗೆ ಬೇಗ ತೆಗೆಯುತ್ತಾರೆ, ಒಂಬತ್ತೋ ಹತ್ತೋ ಗಂಟೆಗೆ ಮುಚ್ಚುತ್ತಾರೆ. ಮತ್ತೆ ತೆಗೆಯುವುದು ಸಂಜೆಗೆ, ಕತ್ತಲಾದ ಸ್ವಲ್ಪ ಹೊತ್ತಿಗೆಲ್ಲ ವಿಸಿಲ್. ಅನೇಕ ಪಾರ್ಕುಗಳಲ್ಲಿ ನಡೆದುಬಂದ ಪದ್ಧತಿ ಇದು. ಈ ವೇಳೆ ಯಾರಿಗೆ ಅನುಕೂಲ ಅಂತ ಕೇಳಿಕೊಳ್ಳಿ. ಬೆಳಿಗ್ಗೆ ಆರರಿಂದ ಎಂಟರವರೆಗೆ ಬಿಡುವಾಗಿರುವವರು ಪಿಂಚಣಿದಾರರು, ಮತ್ತೆ ಮನೆಯಲ್ಲಿ ಬೇರೆಯವರು ತಿಂಡಿ ಮಾಡಿಕೊಡುವ ಗಂಡಸರು. ಮನೆಯ ಹೆಂಗಸರಿಗೆ ಬಿಡುವು ಸಿಗುವುದು ಹನ್ನೊಂದರ ಮೇಲೆ, ಮಕ್ಕಳು ಶಾಲೆಗೆ ಹೋದ ಮೇಲೆ. ಮನೆಗೆಲಸಕ್ಕೆ ಹೋಗುವವರಿಗೆ ಬೆಳಗಿನ ಮನೆಗಳನ್ನು ಮುಗಿಸಿ ಸಂಜೆಯ ಮನೆಗೆ ಹೋಗುವ ನಡುವಿನ ಹೊತ್ತು. ಅವರಿಗೆ ಬಿಡುವಾಗುವ ಹೊತ್ತಿಗೇ ಸರಿಯಾಗಿ ಪಾರ್ಕಿಗೆ ಬೀಗ. ಅಂಗಡಿ, ಹೋಟೆಲ್, ಗಾರ್ಮೆಂಟ್ಸ್ ಕೆಲಸದವರು ಮನೆಗೆ ಬರುವುದೇ ರಾತ್ರಿ ಎಂಟಕ್ಕೆ. ಆಗಲೂ ಬೀಗ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಹೇಳುವ ಲೆಕ್ಕ ಇದಕ್ಕೆ ಹೊಂದುತ್ತದೆ. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರು 88 ನಿಮಿಷ. ಅದೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ ಮಾತ್ರ. ಕೈಯೇ ಹಾಕದವರು ಈ ಸರಾಸರಿಯಲ್ಲಿ ಸೇರಿಲ್ಲ. ಹೆಂಗಸರ ಬಿಡುವು ತುಂಡು ತುಂಡಾಗಿ ಸಿಗುತ್ತದೆ. ಇಲ್ಲೊಂದು ಇಪ್ಪತ್ತು ನಿಮಿಷ, ಅಲ್ಲೊಂದು ಅರ್ಧ ಗಂಟೆ. ಆ ತುಂಡು ಹೊತ್ತಿನಲ್ಲಿ ನಡೆದು ಹೋಗುವಷ್ಟು ಹತ್ತಿರದಲ್ಲಿ ಗೇಟು ತೆರೆದಿರಬೇಕು. ಇಲ್ಲದಿದ್ದರೆ ಕೈಗೆ ಸಿಗುವುದು ಮೊಬೈಲೇ. ಹೆಂಗಸರು ರೀಲ್ಸ್ ನೋಡುತ್ತಾ ಕೂರುತ್ತಾರೆ ಅಂತ ಗೊಣಗುವವರು ಒಮ್ಮೆ ಮಧ್ಯಾಹ್ನ ಹನ್ನೆರಡಕ್ಕೆ ನಿಮ್ಮ ಬಡಾವಣೆಯ ಪಾರ್ಕಿನ ಗೇಟು ತಳ್ಳಿ ನೋಡಿ.

ಬೆಂಗಳೂರಿನಲ್ಲಿ 2024ರಲ್ಲಿ ಪಾಲಿಕೆಯ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ತೀರ್ಮಾನ ಆಯಿತು. ಬೆಂಗಳೂರನ್ನು ನೋಡಿ ಕಲಿಯಿರಿ ಅಂತ ಮೈಸೂರಿನವರಿಗೆ ಹೇಳುವುದು ನನಗೂ ಅಷ್ಟು ಇಷ್ಟದ ಕೆಲಸವಲ್ಲ. ಆದರೂ ಇದೊಂದು ಕಲಿಯಿರಿ.

ಆಟ ಯಾಕೆ, ವಾಕಿಂಗ್ ಸಾಲದಾ ಅಂತ ಕೇಳುವವರಿದ್ದಾರೆ. ವಾಕಿಂಗ್ ಒಳ್ಳೆಯದೇ, ಅದರ ಮೇಲೆ ನನಗೆ ಸಿಟ್ಟಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯ ಪ್ರಕಾರ ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕು. ಜೋರು ಉಸಿರು ಬರುವಂಥದ್ದಾದರೆ 75ರಿಂದ 150 ನಿಮಿಷ ಸಾಕು. ಮಕ್ಕಳಿಗೆ ದಿನಕ್ಕೆ ಸರಾಸರಿ ಒಂದು ಗಂಟೆ. ಹಿಂದೆ ಒಂದು ಸಲಕ್ಕೆ ಕನಿಷ್ಠ ಹತ್ತು ನಿಮಿಷವಾದರೂ ಮಾಡಿರಬೇಕು ಅನ್ನುವ ನಿಯಮ ಇತ್ತು. ಅದನ್ನು ಆಗ ಕೈಬಿಟ್ಟರು. ಐದು ನಿಮಿಷ ಓಡಾಡಿದರೂ ಲೆಕ್ಕಕ್ಕೆ ಬರುತ್ತದೆ. ಇದರ ಜೊತೆ ದೊಡ್ಡವರು ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಬೇಕು. 65 ದಾಟಿದವರು ಮೂರು ದಿನ ಸಮತೋಲನದ ವ್ಯಾಯಾಮವನ್ನೂ ಮಾಡಬೇಕು. ಅಂದರೆ ಬೀಳದ ಹಾಗೆ ದೇಹವನ್ನು ಪಳಗಿಸುವುದು. ಬಗ್ಗು, ತಿರುಗು, ಥಟ್ಟನೆ ನಿಲ್ಲು, ಕೈ ಎತ್ತು. ಟೈಲ್ಸ್ ದಾರಿಯಲ್ಲಿ ಒಂದೇ ವೇಗದಲ್ಲಿ ಸುತ್ತು ಹಾಕಿದರೆ ಇದೆಲ್ಲ ಆಗಲ್ಲ. ಆಟದಲ್ಲಿ ತಾನಾಗಿ ಆಗುತ್ತದೆ.

2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಒಂದು ದೊಡ್ಡ ಲೆಕ್ಕಾಚಾರ ಪ್ರಕಟವಾಯಿತು. ಅದರ ಪ್ರಕಾರ ಭಾರತದ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಬೇಕಾದಷ್ಟು ಮೈ ಅಲ್ಲಾಡಿಸುತ್ತಿಲ್ಲ. ಹೆಂಗಸರಲ್ಲಿ 57%, ಗಂಡಸರಲ್ಲಿ 42%. 2000ನೇ ಇಸವಿಯಲ್ಲಿ ಒಟ್ಟು ಪ್ರಮಾಣ 22%ರಷ್ಟಿತ್ತು. ಇಪ್ಪತ್ತು ವರ್ಷದಲ್ಲಿ ಇಡೀ ದೇಶದ ಜನ ಒಟ್ಟಿಗೆ ಸೋಮಾರಿಗಳಾಗಿಬಿಟ್ಟರು ಅಂತ ನಾನಂತೂ ನಂಬುವುದಿಲ್ಲ. ಕೆಲಸ ಕುರ್ಚಿಗೆ ಬಂತು, ಸೈಕಲ್ ಹೋಗಿ ಸ್ಕೂಟರ್ ಬಂತು, ಖಾಲಿ ಸೈಟುಗಳಲ್ಲಿ ಮನೆ ಎದ್ದವು, ಬೀದಿಯ ಎರಡೂ ಬದಿ ಕಾರು ನಿಂತವು. ಆಡುವ ಜಾಗ ನಮ್ಮ ಕಣ್ಣೆದುರೇ ಕರಗಿತು. ಮನೆಯ ಮುಂದೆ ಚಿನ್ನಿದಾಂಡು ಆಡುತ್ತಿದ್ದ ರಸ್ತೆಯಲ್ಲಿ ಇವತ್ತು ಮಗು ಕೈ ಬಿಡಿಸಿಕೊಂಡರೆ ಎದೆ ಝಲ್ಲೆನ್ನುತ್ತದೆ.

ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ 8,577 ಜನರನ್ನು ಸುಮಾರು 25 ವರ್ಷ ಹಿಂಬಾಲಿಸಿ ಮಾಡಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಗಿದೆ. ಕೂತೇ ಇರುವವರಿಗಿಂತ ಯಾವ ಯಾವ ಚಟುವಟಿಕೆ ಮಾಡುವವರು ಎಷ್ಟು ಹೆಚ್ಚು ಬದುಕಿದರು ಅನ್ನುವ ಲೆಕ್ಕ ಅದರಲ್ಲಿದೆ. ಟೆನಿಸ್ ಆಡುವವರು 9.7 ವರ್ಷ, ಬ್ಯಾಡ್ಮಿಂಟನ್ ಆಡುವವರು 6.2 ವರ್ಷ, ಫುಟ್‌ಬಾಲ್ ಆಡುವವರು 4.7 ವರ್ಷ. ಒಬ್ಬರೇ ಜಾಗಿಂಗ್ ಮಾಡುವವರು 3.2 ವರ್ಷ. ಹೆಲ್ತ್ ಕ್ಲಬ್ಬಿಗೆ ಹೋಗುವವರು 1.5 ವರ್ಷ. ಇದನ್ನು ಓದಿ ಟೆನಿಸ್ ರಾಕೆಟ್ ಕೊಳ್ಳಲು ಓಡಬೇಡಿ. ಟೆನಿಸ್ ಆಡುವವರು ಮೊದಲೇ ಅನುಕೂಲಸ್ಥರಿರಬಹುದು, ಊಟ ಔಷಧಿ ಎಲ್ಲ ಚೆನ್ನಾಗಿ ಸಿಗುವವರಿರಬಹುದು. ಇದು ಕಾರಣವನ್ನು ಸಾಬೀತು ಮಾಡುವ ಲೆಕ್ಕವಲ್ಲ, ಅಧ್ಯಯನ ಮಾಡಿದವರೂ ಹಾಗೆ ಹೇಳಿಕೊಂಡಿಲ್ಲ. ಆದರೂ ಪಟ್ಟಿಯ ಮೇಲುಭಾಗದಲ್ಲಿರುವ ಮೂರಕ್ಕೂ ಒಂದು ಸಮಾನ ಗುಣ ಇದೆ. ಮೂರನ್ನೂ ಆಡಲು ಇನ್ನೊಬ್ಬರು ಬೇಕು. ಇವತ್ತು ಬೇಡ ಅಂತ ಮಲಗಿದರೆ ಯಾರೋ ಬಂದು ಬಾಗಿಲು ಬಡಿಯುತ್ತಾರೆ. ಜಿಮ್‌ನ ಟ್ರೆಡ್‌ಮಿಲ್ ಯಾರ ಮನೆಗೂ ಬಂದು ಬಾಗಿಲು ಬಡಿದಿದ್ದಿಲ್ಲ.

ನಮಗೆ ಇದನ್ನು ಕೋಪನ್‌ಹೇಗನ್ನಿನವರು ಹೇಳಿಕೊಡಬೇಕಾಗಿರಲಿಲ್ಲ. ಮೈಸೂರಿನ ಹಳೆಯ ಕೇರಿಗಳಲ್ಲಿ ಗರಡಿ ಮನೆಗಳಿವೆ. ದಸರೆಯಲ್ಲಿ ದೊಡ್ಡಕೆರೆ ಮೈದಾನದ ಅಖಾಡದಲ್ಲಿ ಕುಸ್ತಿ ಆಗುವಾಗ, ವಿಜಯದಶಮಿಯ ದಿನ ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ಆಗುವಾಗ ಎಲ್ಲರಿಗೂ ಗರಡಿ ನೆನಪಾಗುತ್ತದೆ. ವರ್ಷದ ಮಿಕ್ಕ ದಿನಗಳಲ್ಲಿ ಗರಡಿ ಏನು ಕೆಲಸ ಮಾಡುತ್ತಿತ್ತು ಅನ್ನುವುದನ್ನು ಮಾತ್ರ ಮರೆತಿದ್ದೇವೆ. ಅಲ್ಲಿಗೆ ಬರುವವರೆಲ್ಲ ಪೈಲ್ವಾನರಾಗಲಿಲ್ಲ. ದಿನವೆಲ್ಲ ದುಡಿದ ಗಂಡಸರು ಸಂಜೆ ಬಂದು ಮಣ್ಣು ಅಗೆದು, ಸಾಮು ತೆಗೆದು, ನಾಲ್ಕು ಪಟ್ಟು ಹಾಕಿ, ಮೈ ತೊಳೆದುಕೊಂಡು ಮನೆಗೆ ಹೋಗುತ್ತಿದ್ದರು. ಕೇರಿಯ ಹತ್ತಿರ, ಕೆಲಸ ಮುಗಿಯುವ ಹೊತ್ತಿಗೆ, ಫೀಸಿಲ್ಲದೆ, ಉಸ್ತಾದನ ಕಣ್ಣ ಮುಂದೆ. ಇವತ್ತು ನಾವು ಹುಡುಕುತ್ತಿರುವುದೂ ಅದನ್ನೇ. ಒಂದು ದೊಡ್ಡ ಕೊರತೆ ಇತ್ತು, ಅದನ್ನು ಮುಚ್ಚಿಡುವುದು ಬೇಡ. ಹೆಂಗಸರಿಗೆ ಅಲ್ಲಿ ಜಾಗ ಇರಲಿಲ್ಲ.

ಹೆಂಗಸರಿಗೆ, ಹುಡುಗಿಯರಿಗೆ ಈಗಲೂ ಜಾಗ ಕಡಿಮೆ. ಯಾವ ಮೈದಾನವನ್ನಾದರೂ ಸಂಜೆ ಐದಕ್ಕೆ ನೋಡಿ. ಹತ್ತು ವರ್ಷದವರೆಗಿನ ಹುಡುಗಿಯರು ಕಾಣುತ್ತಾರೆ. ಹದಿಮೂರು ದಾಟಿದವರು ಮಾಯ. ಮೈದಾನದ ಮಧ್ಯೆ ದೊಡ್ಡ ಹುಡುಗರ ಕ್ರಿಕೆಟ್, ಅಂಚಿನಲ್ಲಿ ಅವರ ಬೈಕು. ಹುಡುಗಿಯರು ಆಸಕ್ತಿ ಇಲ್ಲದೆ ಬರುವುದಿಲ್ಲ ಅಂದುಕೊಂಡಿದ್ದೇವೆ. 1990ರ ದಶಕದಲ್ಲಿ ಆಸ್ಟ್ರಿಯಾದ ವಿಯೆನ್ನಾ ನಗರದವರಿಗೂ ಇದೇ ಸಮಸ್ಯೆ ಎದುರಾಯಿತು. ಒಂಬತ್ತು ವರ್ಷ ದಾಟಿದ ಮೇಲೆ ಹುಡುಗಿಯರು ಪಾರ್ಕಿಗೆ ಬರುವುದು ಥಟ್ಟನೆ ಕಡಿಮೆಯಾಗುವುದನ್ನು ಅವರು ಗಮನಿಸಿದರು. ದೊಡ್ಡ ಬಯಲು ಒಂದೇ ಇದ್ದರೆ ಅದು ಗಟ್ಟಿ ಗುಂಪಿನ ಪಾಲಾಗುತ್ತದೆ, ಹುಡುಗರ ಜೊತೆ ಜಾಗಕ್ಕೆ ಗುದ್ದಾಡುವುದು ಹುಡುಗಿಯರಿಗೆ ಬೇಕಾಗಿರಲಿಲ್ಲ. ಆಗ ಎರಡು ಪಾರ್ಕುಗಳಲ್ಲಿ ಬಯಲನ್ನು ಸಣ್ಣ ಸಣ್ಣ ಭಾಗ ಮಾಡಿದರು, ವಾಲಿಬಾಲ್ ಬ್ಯಾಡ್ಮಿಂಟನ್ನಿಗೆ ಜಾಗ ಬಿಟ್ಟರು, ದಾರಿಗಳನ್ನು ಸರಿ ಮಾಡಿದರು. ಹುಡುಗಿಯರು ವಾಪಸ್ ಬಂದರು. ಗಂಡುಹುಡುಗರನ್ನು ಯಾರೂ ಓಡಿಸಲಿಲ್ಲ.

ನಮಗೆ ಅಷ್ಟು ದೂರವೂ ಹೋಗಬೇಕಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಆಯಿತು. ಭಾರತದ ಗಂಡಸರ ತಂಡ, ಹೆಂಗಸರ ತಂಡ ಎರಡೂ ಗೆದ್ದವು. ಗೆದ್ದ ಮಹಿಳಾ ತಂಡದಲ್ಲಿ ಆಡಿದ ಚೈತ್ರಾ ನಮ್ಮ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಖೋ ಖೋ ಆಟಕ್ಕೆ ಬೇಕಾಗುವುದು ಎರಡು ಕಂಬ, ಸುಣ್ಣದ ಗೆರೆ, ಕಲ್ಲು ಆರಿಸಿದ ನೆಲ. ಅಷ್ಟು ನೆಲ ಎಷ್ಟೋ ಹಳ್ಳಿ ಶಾಲೆಗಳಲ್ಲಿದೆ. ಸಿಟಿಯ ಎಷ್ಟೋ ಶಾಲೆಗಳಲ್ಲೂ ಇದೆ. ಆದರೆ ಚೈತ್ರಾ ಅವರನ್ನು ಸನ್ಮಾನ ಮಾಡಿ ಕೈ ತೊಳೆದುಕೊಂಡರೆ ಮತ್ತೆ ಪದಕದ ದಾರಿಗೇ ಬಂದಂತಾಯಿತು. ಅವರ ಜೊತೆ ಒಂದಾನೊಂದು ಕಾಲದಲ್ಲಿ ಶಾಲೆಯಲ್ಲಿ ಖೋ ಕೊಟ್ಟು ಓಡಿದ, ಈಗ ಮನೆ ಮಕ್ಕಳು ಅಂತ ಕೂತಿರುವ ಹೆಣ್ಣುಮಕ್ಕಳಿಗೆ ಸಂಜೆ ಆಡಲು ಜಾಗ ಎಲ್ಲಿ? ನನ್ನ ಪ್ರಶ್ನೆ ಅವರ ಬಗ್ಗೆ.

ಈಗ ಶಾಲೆಯ ಅಂಗಳಕ್ಕೆ ಬರುತ್ತೇನೆ. ಈ ಪತ್ರದ ಮುಖ್ಯ ಬೇಡಿಕೆ ಇಲ್ಲಿದೆ.

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು. ಶಾಲೆಗೆ ಏನೇನು ಇರಬೇಕು ಅನ್ನುವ ಅದರ ಪಟ್ಟಿಯಲ್ಲಿ ಆಟದ ಮೈದಾನವೂ ಇದೆ. ಊರಿನ ಹಳೆಯ ಸರ್ಕಾರಿ ಶಾಲೆಗಳಲ್ಲಿ ಹಲವಕ್ಕೆ ಒಳ್ಳೆಯ ಅಂಗಳವಿದೆ, ಮರದ ನೆರಳಿದೆ, ಸುತ್ತ ಕಾಂಪೌಂಡ್ ಇದೆ. ಸಂಜೆ ನಾಲ್ಕೂವರೆಗೆ ಬೆಲ್ ಹೊಡೆದ ಮೇಲೆ ಮಾರನೆಯ ಬೆಳಿಗ್ಗೆಯವರೆಗೆ ಅಲ್ಲಿ ಕಾಗೆ, ನಾಯಿ ಬಿಟ್ಟರೆ ಯಾರೂ ಇಲ್ಲ. ಭಾನುವಾರ ಇಲ್ಲ, ಹಬ್ಬಕ್ಕಿಲ್ಲ, ಬೇಸಿಗೆ ರಜೆಯಲ್ಲಿ ತಿಂಗಳುಗಟ್ಟಲೆ ಇಲ್ಲ. ಮಕ್ಕಳಿಗೆ ಬಿಡುವು ಇದ್ದಾಗಲೆಲ್ಲ ಅಂಗಳಕ್ಕೆ ಬೀಗ. ಬಿಡುವು ಇಲ್ಲದಾಗ ತೆರೆದಿರುತ್ತದೆ, ಆಗ ಪಿಟಿ ಪಿರಿಯಡ್ಡನ್ನೂ ಗಣಿತಕ್ಕೆ ಕಿತ್ತುಕೊಂಡಿರುತ್ತಾರೆ. ಇತ್ತ ಹುಡುಗರು ಗಂಟೆಗೆ ಸಾವಿರ ರೂಪಾಯಿಯ ಆಸುಪಾಸು ಬಾಡಿಗೆ ಕೊಟ್ಟು ಪ್ಲಾಸ್ಟಿಕ್ ಹುಲ್ಲಿನ ಟರ್ಫಿನಲ್ಲಿ ಆಡುತ್ತಾರೆ. ದುಡ್ಡಿದ್ದವರು ಆಡುತ್ತಾರೆ ಅನ್ನಿ. ಇಲ್ಲದವರು ಟರ್ಫಿನ ಬಲೆಯ ಹೊರಗೆ ನಿಂತು ನೋಡುತ್ತಾರೆ.

ನ್ಯೂಯಾರ್ಕ್ ನಗರ 2007ರಲ್ಲಿ ಒಂದು ಯೋಜನೆ ಶುರು ಮಾಡಿತು. ಶಾಲೆ ಮುಗಿದ ಮೇಲೆ ಬೀಗ ಬೀಳುತ್ತಿದ್ದ ನೂರಾರು ಶಾಲಾ ಅಂಗಳಗಳನ್ನು ಸಂಜೆ, ವಾರಾಂತ್ಯ, ರಜೆಗಳಲ್ಲಿ ಸುತ್ತಲಿನವರಿಗೆ ಬಿಟ್ಟುಕೊಡುವುದು. ಜಾಗಕ್ಕೆ ಚಿನ್ನದ ಬೆಲೆ ಇರುವ ಊರು ಅದು, ಹೊಸ ಪಾರ್ಕಿಗೆ ನೆಲ ಎಲ್ಲಿಂದ ತರಬೇಕು? ಇದ್ದದ್ದನ್ನೇ ಎರಡು ಪಾಳಿಯಲ್ಲಿ ಬಳಸಿದರು.

ನಿಮ್ಮ ತಕರಾರುಗಳು ನನಗೆ ಗೊತ್ತು. ನನ್ನ ಮನೆಯ ಹತ್ತಿರದ ಒಂದು ಶಾಲೆಯ ಮುಖ್ಯ ಶಿಕ್ಷಕರ ಬಾಯಲ್ಲೇ ಕೇಳಿದ್ದೇನೆ. ಅವರು ಹೇಳಿದ್ದರಲ್ಲಿ ಸುಳ್ಳು ಯಾವುದೂ ಇರಲಿಲ್ಲ. ಒಮ್ಮೆ ಸಂಜೆ ಗೇಟು ತೆರೆದಿಟ್ಟಿದ್ದರಂತೆ. ಕಿಟಕಿ ಗಾಜು ಒಡೆಯಿತು. ನಲ್ಲಿಯ ತಲೆ ಕಳುವಾಯಿತು. ಸೋಮವಾರ ಬೆಳಿಗ್ಗೆ ಜಗುಲಿಯ ಮೇಲೆ ಬಾಟಲಿ, ಸಿಗರೇಟ್ ತುಂಡು. ಅದನ್ನೆಲ್ಲ ಗುಡಿಸಿದವರು ಐದನೇ ಕ್ಲಾಸಿನ ಮಕ್ಕಳು. ಮೇಲಿನಿಂದ ಯಾರೋ ಬಂದು ಮುಖ್ಯ ಶಿಕ್ಷಕರನ್ನೇ ಗದರಿದರು. ಅವತ್ತೇ ಬೀಗ ಹಾಕಿದರು. ನಾನು ಅವರ ಜಾಗದಲ್ಲಿದ್ದರೂ ಹಾಕುತ್ತಿದ್ದೆ. ಮಗು ಬಿದ್ದು ಕೈ ಮುರಿದುಕೊಂಡರೆ ಯಾರ ಮೇಲೆ ಕೇಸು ಅನ್ನುವುದು ಅವರ ಇನ್ನೊಂದು ಭಯ. ಚುನಾವಣೆ, ಪರೀಕ್ಷೆ ಬಂದಾಗ ಕೊಠಡಿಗಳಿಗೆ ಪಹರೆ ಇರುತ್ತದೆ, ಆಗ ಏನು ಮಾಡುವುದು ಅಂತಲೂ ಕೇಳಿದರು.

ಹಾಗಾಗಿ ಸುಮ್ನೆ ಗೇಟು ತೆಗೆದುಬಿಡಿ ಅಂತ ನಾನು ಹೇಳುವುದಿಲ್ಲ. ಗೇಟು ತೆಗೆಯುವ ಕೆಲಸವನ್ನು ಮೇಷ್ಟ್ರ ತಲೆಗೆ ಕಟ್ಟಬೇಡಿ. ಪಿಟಿ ಮೇಷ್ಟ್ರ ತಲೆಗಂತೂ ಬೇಡವೇ ಬೇಡ. ಸಂಜೆ ಐದರಿಂದ ಎಂಟರವರೆಗೆ ಒಬ್ಬರನ್ನು ಸಂಬಳ ಕೊಟ್ಟು ನೇಮಿಸಿ. ಅವರ ಕೆಲಸ ಗೇಟು ತೆಗೆಯುವುದು, ನೆಟ್ ಕಟ್ಟುವುದು, ಜಗಳ ಬಿಡಿಸುವುದು, ಹೋಗುವಾಗ ಕಸ ಎತ್ತಿಸುವುದು. ಕೈಗೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕೊಡಿ, ಅದನ್ನು ಬಳಸುವುದನ್ನೂ ಕಲಿಸಿ. ಹಳೆಯ ಆಟಗಾರರು, ಅದರಲ್ಲೂ ಹೆಂಗಸರು, ಈ ಕೆಲಸಕ್ಕೆ ಸಿಗುತ್ತಾರೆ. ಹೆಂಗಸೊಬ್ಬರು ಅಲ್ಲಿ ಕೂತಿದ್ದರೆ ಅಮ್ಮಂದಿರು ಹುಡುಗಿಯರನ್ನು ಧೈರ್ಯವಾಗಿ ಕಳಿಸುತ್ತಾರೆ. ಕೊಠಡಿಗಳಿರುವ ಕಡೆ ಒಂದು ಬೇಲಿ ಎಳೆದು ಅಂಗಳವನ್ನು ಬೇರೆ ಮಾಡಿ, ಅಂಗಳಕ್ಕೆ ಇನ್ನೊಂದು ಗೇಟು ಇಡಿ. ಆಗ ಕಿಟಕಿ, ನಲ್ಲಿ, ಪರೀಕ್ಷೆಯ ಪಹರೆ ಇವೆಲ್ಲ ಮುಕ್ಕಾಲುಪಾಲು ಬಗೆಹರಿಯುತ್ತವೆ. ಶೌಚಾಲಯ ಮಾತ್ರ ತೆರೆದಿರಲೇಬೇಕು. ಶೌಚಾಲಯ ಇಲ್ಲದ ಮೈದಾನದಲ್ಲಿ ಹೆಂಗಸರು ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಲ್ಲ. ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ ಆದ್ದರಿಂದ ಇಲ್ಲಿ ಬರೆದಿದ್ದೇನೆ.

ಹೊಣೆ ಯಾರದು ಅನ್ನುವುದನ್ನು ಕಾಗದದ ಮೇಲೆ ಬರೆಯಿರಿ. ಶಾಲೆ, ಎಸ್‌ಡಿಎಂಸಿ (ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ಸ್ಥಳೀಯ ಆಡಳಿತ, ಬಡಾವಣೆಯ ಜನ ನಾಲ್ಕೂ ಕಡೆಯವರು ಸಹಿ ಹಾಕಲಿ. ಗಾಜು ಒಡೆದರೆ ದುಡ್ಡು ಎಲ್ಲಿಂದ, ಪೆಟ್ಟಾದರೆ ಏನು, ಯಾವ ದಿನ ಬಂದ್, ಯಾವ ಹೊತ್ತು ಯಾರಿಗೆ ಎಲ್ಲವೂ ಅದರಲ್ಲಿರಲಿ. ವಾರದಲ್ಲಿ ಕೆಲವು ಸಂಜೆ ಹೆಂಗಸರಿಗೆ, ಹುಡುಗಿಯರಿಗೆ ಮಾತ್ರ ಅಂತ ಮೀಸಲಿಡಿ. ಮದುವೆ, ರಾಜಕೀಯ ಸಭೆ, ಎಕ್ಸಿಬಿಷನ್ನಿಗೆ ಅಂಗಳ ಕೊಡುವುದಿಲ್ಲ ಅಂತಲೂ ಅದರಲ್ಲೇ ಬರೆಯಿರಿ. ಇಲ್ಲದಿದ್ದರೆ ಸಂಜೆ ತೆರೆದ ಗೇಟಿನೊಳಗೆ ಮೊದಲು ನುಗ್ಗುವುದು ಶಾಮಿಯಾನದ ಲಾರಿ. ಪಾರ್ಕ್, ಆಟದ ಬಯಲುಗಳನ್ನು ಬೇರೆ ಉಪಯೋಗಕ್ಕೆ ಕಬಳಿಸಬಾರದು ಅಂತ ರಾಜ್ಯದಲ್ಲಿ 1985ರಿಂದಲೇ ಕಾಯ್ದೆ ಇದೆ. ಕಾಯ್ದೆ ಬಯಲನ್ನು ಉಳಿಸಿಕೊಡಬಹುದು. ಒಳಗೆ ಆಟ ನಡೆಯಬೇಕಾದರೆ ಯಾರಾದರೂ ಸಂಜೆ ಐದಕ್ಕೆ ಬಂದು ಬೀಗ ತೆಗೆಯಬೇಕು.

ದುಡ್ಡು ಎಲ್ಲಿದೆ ಅಂತ ಕೇಳುತ್ತೀರಿ. ಪ್ರತಿ ಪಾರ್ಕಿಗೂ ಹಸಿರು ಹಳದಿ ಬಣ್ಣದ ಓಪನ್ ಜಿಮ್ ತಂದು ನೆಟ್ಟಿದ್ದೀರಲ್ಲ, ಅದಕ್ಕೆ ದುಡ್ಡು ಸಿಕ್ಕಿತ್ತು. ಎಷ್ಟೋ ಕಡೆ ಅವು ಒಂದು ಮಳೆಗಾಲಕ್ಕೆ ಕಿರ್ರೆನ್ನುತ್ತವೆ, ಎರಡನೆಯದಕ್ಕೆ ತುಕ್ಕು. ಯಂತ್ರ ಕೊಳ್ಳುವ ಬಜೆಟ್ ನಮ್ಮಲ್ಲಿ ಬೇಗ ಪಾಸಾಗುತ್ತದೆ. ಮನುಷ್ಯರಿಗೆ ಸಂಬಳ ಕೊಡುವ ಬಜೆಟ್ ಮೇಜಿಂದ ಮೇಜಿಗೆ ಅಲೆಯುತ್ತದೆ. ಯಾಕೆ ಅಂತ ನೀವೇ ಬಲ್ಲಿರಿ.

ರಸ್ತೆಯ ಬಗ್ಗೆಯೂ ಒಂದು ಮಾತು. ಕೊಲಂಬಿಯಾ ದೇಶದ ಬೊಗೊಟಾದಲ್ಲಿ 1974ರಿಂದ ಒಂದು ಪದ್ಧತಿ ಇದೆ. ಭಾನುವಾರ ಮತ್ತು ಹಬ್ಬದ ದಿನ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ಊರಿನ ಮುಖ್ಯ ರಸ್ತೆಗಳಲ್ಲಿ 120 ಕಿ.ಮೀ.ಗೂ ಹೆಚ್ಚು ಉದ್ದ ಮೋಟಾರು ಗಾಡಿ ಇಲ್ಲ. ಸೈಕಲ್, ಸ್ಕೇಟಿಂಗ್, ಓಟ, ಮಗುವಿನ ಕೈಹಿಡಿದು ನಡಿಗೆ. ದಾರಿಯ ಪಕ್ಕದ ಬಯಲುಗಳಲ್ಲಿ ಬಿಟ್ಟಿ ಏರೋಬಿಕ್ಸ್ ಕ್ಲಾಸು. ನಮ್ಮಲ್ಲೂ ಆಗಲ್ಲ ಅಂತೇನಿಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಿನ ಒಳರಸ್ತೆಗಳಲ್ಲಿ ಭಾನುವಾರ ಗಾಡಿ ಬಿಡುವುದಿಲ್ಲ, ಆ ಬೆಳಿಗ್ಗೆ ಅಲ್ಲಿ ಹೋಗಿ ನೋಡಿದರೆ ಗೊತ್ತಾಗುತ್ತದೆ. ನಾವೇ ದಸರೆಯ ಸಮಯದಲ್ಲಿ ದೇವರಾಜ ಅರಸು ರಸ್ತೆಯಲ್ಲಿ ಗಾಡಿ ತಡೆದು ಓಪನ್ ಸ್ಟ್ರೀಟ್ ಫೆಸ್ಟಿವಲ್ ಮಾಡಿದವರು. 2017ರ ಜೂನಿನಲ್ಲಿ 450 ಸೈಕಲ್ ಇಟ್ಟುಕೊಂಡು ಟ್ರಿಣ್ ಟ್ರಿಣ್ ಅನ್ನುವ ಬಾಡಿಗೆ ಸೈಕಲ್ ಯೋಜನೆ ಶುರು ಮಾಡಿದವರೂ ನಾವೇ. ಸೈಕಲ್ ಬಂತು, ಭಯವಿಲ್ಲದೆ ಸೈಕಲ್ ತುಳಿಯುವ ರಸ್ತೆ ಬರಲಿಲ್ಲ. ತಿಂಗಳಿಗೆ ಒಂದು ಭಾನುವಾರ, ಬೆಳಿಗ್ಗೆ ಮೂರು ತಾಸು, ಒಂದು ರಸ್ತೆ. ಸ್ಟೇಜು, ಮೈಕು, ಮುಖ್ಯ ಅತಿಥಿ ಇಲ್ಲದಿದ್ದರೆ ಖರ್ಚೂ ಕಡಿಮೆ, ಜನಕ್ಕೂ ನೆಮ್ಮದಿ. ವಾರದ ವ್ಯಾಯಾಮವನ್ನೆಲ್ಲ ಒಂದೆರಡು ದಿನಕ್ಕೆ ಸೇರಿಸಿ ಮಾಡುವವರ ಹೃದಯಕ್ಕೂ ಹೆಚ್ಚುಕಡಿಮೆ ಅಷ್ಟೇ ಲಾಭ ಕಂಡಿದೆ ಅಂತ 2023ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಹೇಳುತ್ತದೆ. ಭಾನುವಾರ ಬಿಟ್ಟರೆ ಬೇರೆ ದಿನ ಬಿಡುವೇ ಇಲ್ಲದವರಿಗೆ ಇದು ಒಳ್ಳೆಯ ಸುದ್ದಿ ಅಲ್ವಾ?

ಬೀಗದ ಕೈ ಇಲ್ಲದ ನನ್ನ ನೆರೆಹೊರೆಯವರಿಗೂ ಸ್ವಲ್ಪ ಹೇಳುವುದಿದೆ. ಮಕ್ಕಳು ಗಲಾಟೆ ಮಾಡುತ್ತಾರೆ ಅಂತ ದೂರು ಬರೆದು ಗೇಟು ಮುಚ್ಚಿಸಿದವರಲ್ಲಿ ನಮ್ಮವರೂ ಇದ್ದಾರೆ. ಚೆಂಡು ಕಾಂಪೌಂಡಿನೊಳಗೆ ಬಿದ್ದರೆ ವಾಪಸ್ ಕೊಡದೆ ಇಟ್ಟುಕೊಳ್ಳುವ ಅಂಕಲ್ ಪ್ರತಿ ಬೀದಿಯಲ್ಲೂ ಒಬ್ಬರು ಸಿಗುತ್ತಾರೆ. ನಡುವಯಸ್ಸಿನವರು ಓಡಿ ಆಡಿದರೆ ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಅಂತ ನಗುವವರೂ ನಾವೇ. ಆ ನಗುವಿಗೆ ಹೆದರಿ ಎಷ್ಟು ಹೆಂಗಸರು ವಾಕಿಂಗಿಗೇ ತೃಪ್ತಿಪಟ್ಟುಕೊಂಡಿದ್ದಾರೋ. ಆಟ ಮಕ್ಕಳಿಗೆ, ವಾಕಿಂಗ್ ದೊಡ್ಡವರಿಗೆ, ಭಜನೆ ಮುದುಕರಿಗೆ ಅಂತ ಹಂಚಿದವರು ಯಾರು? ಆಡಿ ಬಂದ ದಿನ ರಾತ್ರಿ ನಿದ್ದೆ ಹೇಗೆ ಬರುತ್ತದೆ ಅಂತ ಒಮ್ಮೆ ಆಡಿದವರನ್ನು ಕೇಳಿ.

ಕೊನೆಯದಾಗಿ ಒಂದು ದಿನಾಂಕದ ವಿಷಯ. ಇದನ್ನೆಲ್ಲ ಊರಿಗೆಲ್ಲ ಒಂದೇ ಸಲ ಮಾಡಿ ಅಂತ ಕೇಳುತ್ತಿಲ್ಲ. ಬರುವ ದಸರಾ ರಜೆಗೆ ಕೆಲವೇ ಶಾಲೆಗಳನ್ನು ಆರಿಸಿಕೊಳ್ಳಿ. ಹಳೆಯ ಮೊಹಲ್ಲಾಗಳಲ್ಲಿ ಒಂದೆರಡು, ಹೊಸ ಬಡಾವಣೆಗಳಲ್ಲಿ ಒಂದೆರಡು. ಮಕ್ಕಳು ಮನೆಯಲ್ಲಿರುತ್ತಾರೆ, ಶಾಲೆ ಖಾಲಿ ಇರುತ್ತದೆ, ಯಾರ ಪಾಠಕ್ಕೂ ತೊಂದರೆ ಇಲ್ಲ. ರಜೆ ಮುಗಿದ ಮೇಲೆ ಎಷ್ಟು ಗಾಜು ಒಡೆಯಿತು, ಎಷ್ಟು ಹುಡುಗಿಯರು ಬಂದರು ಎರಡನ್ನೂ ಎಣಿಸೋಣ. ಅದಕ್ಕೂ ಮೊದಲು ನಾಲ್ಕೂ ಕಡೆಯವರ ಒಂದು ಸಭೆ ಕರೆಯಿರಿ. ದಯವಿಟ್ಟು ಅದನ್ನು ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಇಡಬೇಡಿ. ಸಂಜೆ ಆರೂವರೆಯ ಮೇಲೆ, ಆರಿಸಿಕೊಂಡ ಯಾವುದಾದರೂ ಒಂದು ಶಾಲೆಯ ಅಂಗಳದಲ್ಲೇ ಇಡಿ. ಕುರ್ಚಿ ಬೇಡ, ನಾವು ನಿಂತೇ ಮಾತಾಡುತ್ತೇವೆ.

ಇಂತಿ,
ಮೈಸೂರಿನ ಒಬ್ಬ ನಿವಾಸಿ